ಅಶ್ವತ್ಥಾಮನ ಸಾವು

ಬಿ. ಎಂ. ಶ್ರೀಕಂಠಯ್ಯನವರ 'ಅಶ್ವತ್ಥಾಮನ್' (1929) ನಾಟಕಕ್ಕೆ ಗ್ರೀಕ್ ಕವಿ ಸೊಫೋಕ್ಲಿಸನ 'ಏಜಾಕ್ಸ್' ಮಾತೃಕೆ. ಅಲ್ಲಿಯ ವೀರನಂತೆ ಇಲ್ಲಿಯ ನಾಯಕನೂ ತನ್ನ ಕೈಯಾರೆ ಸಾಯುತ್ತಾನೆ. ಏಳು ಚಿರಂಜೀವಿಗಳ ಹೆಸರನ್ನು ಬಾಯಿಪಾಠ ಮಾಡಿದ ಎಳೆಯರಿಂದ ಹಿಡಿದು ವೃದ್ಧ ಪೌರಾಣಿಕರವರೆಗೆ ಎಲ್ಲರಿಗೂ ಇದು ಒಪ್ಪಲಾಗದ ಮಾತು. ಆದರೆ ವ್ಯಾಸಭಾರತದ ಸೌಪ್ತಿಕಪರ್ವದಲ್ಲಿ ಕೃಷ್ಣನು ಕೊಟ್ಟ ಶಾಪದ ಅವಧಿ 3000 ವರ್ಷ. ಅಮರತ್ವದ ಮಾತು ಅಲ್ಲಿಲ್ಲ. ಪುರಾಣವಿರೋಧವೆಂಬ ಆಕ್ಷೇಪಕ್ಕೆ ಆದುದರಿಂದ ಹೆಚ್ಚಿನ ಬಲವಿಲ್ಲ.

ತೊಡಕಿರುವುದು ಬೇರೆಡೆಯಲ್ಲಿ. ಏಜಾಕ್ಸನು ಹುಚ್ಚಿನಲ್ಲಿ ಕಡಿದದ್ದು ದನಕುರಿಗಳನ್ನು. ಆ ನಗೆಗೇಡನ್ನು ತಾಳಲಾರದೆ ಅವನು ಸಾಯುತ್ತಾನೆ. ಭಾರತದ ಅಶ್ವತ್ಥಾಮನಾದರೋ ನಿದ್ರಿಸುತ್ತಿದ್ದ ಉಪಪಾಂಡವರನ್ನು ಕೊಂದವನು, ಗರ್ಭಸ್ಥ ಶಿಶುವಿನ ಮೇಲೆ ಅಸ್ತ್ರವನ್ನು ಹೂಡಿದವನು. ಅಂಥವನಿಗೆ ವ್ಯಾಸನು ವಿಧಿಸಿದ್ದು ಯಾರೊಡನೆಯೂ ಮಾತಿಲ್ಲದ ಒಂಟಿ ಅಲೆದಾಟವನ್ನು. ಅವನ ಪಾಲಿಗೆ ಸಾವು ದಂಡನೆಯಲ್ಲ, ಬಿಡುಗಡೆ. ಅದನ್ನು ಅವನಿಗೆ ದಯಪಾಲಿಸಿ, ಕನ್ನಡ ನಾಟಕವು ಗ್ರೀಕ್ ವೀರನ ಗಾಂಭೀರ್ಯವನ್ನೇನೋ ಪಡೆದಿದೆ. ಸೌಪ್ತಿಕಪರ್ವದ ಭೀಕರತೆಯನ್ನು ಮಾತ್ರ ಕಳೆದುಕೊಂಡಿದೆ.

ನಾಟಕದ ಹಳಗನ್ನಡದ ಬಿಗುವು ವಿದ್ಯಾರ್ಥಿಗಳಿಗೆ ಕಠಿನವೇ ಸರಿ. ಉಪಾಧ್ಯಾಯರು ಮೊದಲು ಭಾರತದ ಕಥೆಯನ್ನು ಹೇಳಿ, ಅನಂತರ ನಾಟಕವನ್ನು ಗಟ್ಟಿಯಾಗಿ ಓದಿ ಕೇಳಿಸುವುದು ಮೇಲು.