ಒಳವಿಕಿರಣ: ಕಣಕ್ಕಿಂತ ಲೆಕ್ಕ ಮುಖ್ಯ

ಲಿವರ್ ಕ್ಯಾನ್ಸರಿಗೆ ಯಿಟ್ರಿಯಂ-90 ಕಣಗಳ ಒಳವಿಕಿರಣವನ್ನು ‘ಕೊಯ್ಯದೆ ಒಂದೇ ದಿನದಲ್ಲಿ ಮುಗಿಯುವ ಚಿಕಿತ್ಸೆ’ ಎಂದು ಹೊಗಳುವವರಿದ್ದಾರೆ. ಹೊಗಳಿಕೆಯಲ್ಲಿ ಅರ್ಧ ಮಾತ್ರ ನಿಜ.

ಇದರ ಹಿಂದಿನ ಯೋಚನೆ ನಿಜಕ್ಕೂ ಸೊಗಸಾದದ್ದು. ಲಿವರಿಗೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯ ಪೋರ್ಟಲ್ ರಕ್ತನಾಳದ್ದು. ಗೆಡ್ಡೆ ಮಾತ್ರ ಹೆಚ್ಚಾಗಿ ಅಪಧಮನಿಯ ರಕ್ತದಿಂದ ಬೆಳೆಯುತ್ತದೆ. ಈ ಭೇದವನ್ನೇ ಹಿಡಿದು, ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ಕ್ಯಾತಿಟರ್ ಏರಿಸಿ, 20ರಿಂದ 60 ಮೈಕ್ರಾನ್ ಗಾತ್ರದ ಕಣಗಳನ್ನು ಗೆಡ್ಡೆಯ ನಾಳಕ್ಕೇ ಬಿಡುತ್ತಾರೆ. ಬೀಟಾ ವಿಕಿರಣ ಸರಾಸರಿ ಎರಡೂವರೆ ಮಿಲಿಮೀಟರಿನಷ್ಟೇ ಹೋಗುತ್ತದೆ, ಸುಮಾರು 64 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಇಡೀ ಲಿವರ್ ತಾಳಲಾರದಷ್ಟು ವಿಕಿರಣವನ್ನು ಹೀಗೆ ಗೆಡ್ಡೆಯೊಂದಕ್ಕೇ ಕೊಡಬಹುದು.

ಆದರೆ ಎಲ್ಲರೂ ವಿಚಾರಿಸುವುದು ಕಣದ ಬೆಲೆಯನ್ನು. ಕಣ ಬಿಡುವ ಮೊದಲಿನ ಪರೀಕ್ಷೆಯನ್ನು ವಿಚಾರಿಸುವವರು ಕಡಿಮೆ. ಟೆಕ್ನೀಷಿಯಂ ಬೆರೆತ ಪ್ರೋಟೀನ್ ಕಣಗಳನ್ನು ಮೊದಲು ಹರಿಸಿ, ಎಷ್ಟು ಪಾಲು ಶ್ವಾಸಕೋಶಕ್ಕೆ ಸೋರುತ್ತದೆ, ಜಠರದ ಕಡೆ ಹೋಗುತ್ತದೆಯೇ ಎಂದು ಸ್ಕ್ಯಾನಿನಲ್ಲಿ ನೋಡಬೇಕು. ಸೋರಿಕೆ ಮಿತಿ ಮೀರಿದ್ದರೆ ಚಿಕಿತ್ಸೆಯನ್ನೇ ಕೈಬಿಡಬೇಕಾಗುತ್ತದೆ. ಬಿಲಿರುಬಿನ್ ಏರಿ ಕಾಮಾಲೆ ಕಂಡವರಿಗೂ ಇದು ಸಾಮಾನ್ಯವಾಗಿ ಹೊಂದುವುದಿಲ್ಲ.

ರೋಗಿಯ ಆಯ್ಕೆ, ಡೋಸಿನ ಲೆಕ್ಕಗಳೇ ಮುಖ್ಯ ಎಂದು ಪ್ರಯೋಗಗಳ ಫಲಿತಾಂಶಗಳೂ ಹೇಳುತ್ತವೆ. ಫ್ರಾನ್ಸಿನ ಸಾರಾ ಮತ್ತು ಏಷ್ಯಾ-ಪೆಸಿಫಿಕ್ ದೇಶಗಳ ಸರ್‌ವೆನಿಬ್ ಪ್ರಯೋಗಗಳ ವರದಿ 2017-18ರಲ್ಲಿ ಬಂತು. ರೋಗ ಮುಂದುವರಿದವರಲ್ಲಿ ಸೊರಾಫೆನಿಬ್ ಮಾತ್ರೆಗಿಂತ ಇದು ಆಯಸ್ಸನ್ನು ಹೆಚ್ಚಿಸಲಿಲ್ಲ, ಅಡ್ಡಪರಿಣಾಮ ಮಾತ್ರ ಕಡಿಮೆಯಿತ್ತು. 2021ರ ಡೋಸಿಸ್ಫಿಯರ್ ಪ್ರಯೋಗದಲ್ಲಿ ಗೆಡ್ಡೆಗೆ ತಕ್ಕಂತೆ ಡೋಸ್ ಲೆಕ್ಕ ಹಾಕಿದಾಗ ಬದುಕಿನ ಮಧ್ಯಾಂಕ 10.7 ತಿಂಗಳಿಂದ 26.6ಕ್ಕೇರಿತು. ಅದರಲ್ಲಿದ್ದವರು ಬರೀ 60 ಮಂದಿ ಎಂಬುದು ನೆನಪಿರಲಿ. ಆದರೂ ಅದೇ ಕಣ, ಲೆಕ್ಕ ಬೇರೆ, ಫಲ ಬೇರೆ. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಗಾಜಿನಿಂದ ಮಾಡಿದ ಯಿಟ್ರಿಯಂ ಕಣಕ್ಕೆ ಒಪ್ಪಿಗೆ ಕೊಟ್ಟದ್ದೂ 8 ಸೆಂಟಿಮೀಟರಿನೊಳಗಿನ ಒಂಟಿ ಗೆಡ್ಡೆಗೆ.

ಹಾಗಾಗಿ ನನ್ನ ಅಭಿಪ್ರಾಯ ಇದು: ಸರಿಯಾದ ರೋಗಿಗೆ ಇದು ಉತ್ತಮ ಚಿಕಿತ್ಸೆ, ಎಲ್ಲರಿಗೂ ಮಾರುವ ಸರಕಾದರೆ ದುಬಾರಿ ಅನ್ಯಾಯ. ಆಮದು ಕಣದ ವೆಚ್ಚ ಹಲವು ಲಕ್ಷ ರೂಪಾಯಿ. ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ ದೇಶೀ ಗಾಜಿನ ಕಣ ‘ಭಾಭಾಸ್ಫಿಯರ್’ ರೂಪಿಸಿದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಾಯಚೂರು, ಕಲಬುರಗಿಗಳಿಂದ ಬರುವ ಬಡವರಿಗೂ ಅದು ಕೈಗೆಟುಕುವಂತೆ ಸರ್ಕಾರ ನೋಡಿಕೊಳ್ಳಬೇಕು.

ಮನೆಯವರಿಗೆ ಒಂದು ಮಾತು: ಸಹಿ ಹಾಕುವ ಮೊದಲು ಶ್ವಾಸಕೋಶದ ಸೋರಿಕೆ ಎಷ್ಟು, ಗೆಡ್ಡೆಗೆ ಎಷ್ಟು ಗ್ರೇ (ವಿಕಿರಣದ ಅಳತೆಯ ಮಾನ) ಡೋಸ್, ಉಳಿದ ಲಿವರಿಗೆ ಎಷ್ಟು ಎಂದು ವೈದ್ಯರನ್ನು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.