ಮಲ್ಲರಂಗದಲ್ಲಿ ಔಚಿತ್ಯ: ಜಾನ್ ಸೀನಾನ ಕಡೆಯ ವರ್ಷ

ಕಾವ್ಯವಿಚಾರಕ್ಕೂ ಶಾಸನವಿಚಾರಕ್ಕೂ ಮೀಸಲಾದ ಈ ಪುಟಗಳಲ್ಲಿ ಕುಸ್ತಿಯ ಪ್ರಸ್ತಾಪವೇಕೆಂದು ವಾಚಕ ಮಹಾಶಯರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಅದರಲ್ಲಿಯೂ ಇದು ನಮ್ಮ ಗರಡಿಯ ಕೆಂಮಣ್ಣಿನ ಕುಸ್ತಿಯಲ್ಲ. ಅಮೆರಿಕಾ ದೇಶದ ಡಬ್ಲ್ಯೂ. ಡಬ್ಲ್ಯೂ. ಇ. ಎಂಬ ಸಂಸ್ಥೆಯವರು ಹಗ್ಗ ಕಟ್ಟಿದ ಅಟ್ಟದ ಮೇಲೆ, ಕಣ್ಣು ಕೋರೈಸುವ ದೀಪಗಳ ನಡುವೆ, ವಾದ್ಯಘೋಷದೊಡನೆ ನಡೆಸುವ ಕುಸ್ತಿ. ಗೆಲವು ಯಾರದು, ಸೋಲು ಯಾರದು ಎಂಬುದು ಮುಂಚಿತವಾಗಿಯೇ ನಿಶ್ಚಯವಾಗಿರುವ ಕುಸ್ತಿ. ಇಂಥದನ್ನು ನೋಡುವುದೇ ಕಾಲಹರಣ, ಇನ್ನು ವಿಮರ್ಶಿಸುವುದೆಂದರೇನು ಎಂಬ ಆಕ್ಷೇಪಣೆಯು ಮೊದಲು ಎದ್ದುದು ನನ್ನ ಮನೆಯಲ್ಲಿಯೇ. ಆಕ್ಷೇಪಣೆಗೆ ಸಮಾಧಾನ ಹೇಳದೆ ಮುಂದಕ್ಕೆ ಹೋಗುವುದು ಪಾಠಶಾಲೆಯಲ್ಲಿ ಓದಿದವನಿಗೆ ಸಲ್ಲದಾದ್ದರಿಂದ, ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಫಲವು ಮೊದಲೇ ನಿಶ್ಚಿತವಾಗಿರುವುದೇ ದೋಷವೆನ್ನುವುದಾದರೆ, ಬಯಲಾಟದ ಚೌಕಿಯಿಂದ ಹೊರಟ ದುಶ್ಶಾಸನನು ಬೆಳಗಾಗುವುದರೊಳಗೆ ಸಾಯತಕ್ಕವನೆಂಬುದು ಯಾವ ಪ್ರೇಕ್ಷಕನಿಗೆ ತಿಳಿಯದು? ತಿಳಿದೂ ಊರಿಗೆ ಊರೇ ಕಂಬಳಿ ಹೊದ್ದು ಕುಳಿತಿರುವುದಿಲ್ಲವೆ? ಭರತಮುನಿಯು ರಂಗದ ಮೇಲಣ ಆಯುಧಪ್ರಯೋಗಕ್ಕೆ ನಾಲ್ಕು ನ್ಯಾಯಗಳನ್ನು ಹೇಳಿ, ಅಲ್ಲಿ ಕಡಿಯಲಾಗದು, ತಿವಿಯಲಾಗದು, ರಕ್ತವನ್ನು ಹರಿಸಲಾಗದು, ಪ್ರಹಾರವನ್ನು ಸಂಜ್ಞೆಯಿಂದಲೇ ತೋರಿಸತಕ್ಕದ್ದೆಂದು ವಿಧಿಸಿರುವನು. ನಮ್ಮ ನಾಡಿನ ದೊರೆ, ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನಾದರೋ ತನ್ನ ಮಾನಸೋಲ್ಲಾಸದಲ್ಲಿ ಮಲ್ಲರ ಕಾಳಗವನ್ನು ಸೇರಿಸಿರುವುದು ಸೇನಾಪ್ರಕರಣದಲ್ಲಲ್ಲ, ರಾಜನ ವಿನೋದಗಳ ಸಾಲಿನಲ್ಲಿ. ಈ ಅಮೆರಿಕಾ ಸಂಸ್ಥೆಯವರೂ 1989ರಲ್ಲಿ ನ್ಯೂ ಜೆರ್ಸಿ ಸಂಸ್ಥಾನದ ಶಾಸನಸಭೆಯ ಮುಂದೆ, ತಮ್ಮದು ಸ್ಪರ್ಧೆಯಲ್ಲ, ವಿನೋದವೆಂದೂ, ಆದಕಾರಣ ಕ್ರೀಡೆಗಳ ಕಟ್ಟುಪಾಡು ತಮಗೆ ಅನ್ವಯಿಸಬಾರದೆಂದೂ ಒಪ್ಪಿಕೊಂಡರು. ಕಟ್ಟುಪಾಡನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಸುಳ್ಳು ಹೇಳಿದವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ನಿಜ ಹೇಳಿದವರು ಅಪೂರ್ವ.

ಹಾಗೆಂದು ಎಲ್ಲವೂ ಸಂಜ್ಞೆಯೇ ಎಂದೂ ತಿಳಿಯಬಾರದು. ಎತ್ತಿ ಒಗೆದ ದೇಹವು ಅಟ್ಟದ ಹಲಗೆಯ ಮೇಲೆ ನಿಜವಾಗಿಯೇ ಬೀಳುತ್ತದೆ. 2007ರಲ್ಲಿ ಇದೇ ಜಾನ್ ಸೀನಾನ ಎದೆಯ ಸ್ನಾಯು ಹರಿದು, ಅವನು ಶಸ್ತ್ರಚಿಕಿತ್ಸೆಗೆ ಒಳಗಾಗಿ ತಿಂಗಳುಗಟ್ಟಲೆ ರಂಗದಿಂದ ದೂರವಿರಬೇಕಾಯಿತು. ಹೀಗೆ ಅರ್ಧ ನಾಟ್ಯವೂ ಅರ್ಧ ಮೈಗಷ್ಟವೂ ಆದ ಈ ಕಲೆಯನ್ನು ಅಳೆಯುವ ಕೋಲು ಯಾವುದು? ಬಲಾಬಲವಲ್ಲ, ಔಚಿತ್ಯ. ರಸಕ್ಕೆ ಭಂಗವನ್ನು ತರತಕ್ಕದ್ದು ಅನೌಚಿತ್ಯವೇ ಹೊರತು ಬೇರೊಂದಿಲ್ಲವೆಂದು ಆನಂದವರ್ಧನನು ಹೇಳಿದುದು ಕಾವ್ಯಕ್ಕೆ ಸಲ್ಲುವಂತೆ ಈ ಅಟ್ಟಕ್ಕೂ ಸಲ್ಲುತ್ತದೆಂಬುದು ನನ್ನ ಪಕ್ಷ. ಆ ಕೋಲನ್ನು ಹಿಡಿದು, 2025ರಲ್ಲಿ ಮುಗಿದ ಸೀನಾನ ಕಡೆಯ ವರ್ಷವನ್ನು ಅಳೆದು ನೋಡೋಣ.

ಸೀನಾನು 2002ರಲ್ಲಿ ಈ ಸಂಸ್ಥೆಯ ರಂಗವನ್ನು ಹೊಕ್ಕವನು. 2005ರಲ್ಲಿ ಮೊದಲ ಸಲ ಪಟ್ಟವನ್ನು ಗೆದ್ದು, 2017ರ ವೇಳೆಗೆ ಹದಿನಾರು ಸಲ ಗೆದ್ದು, ಹಿಂದಿನ ಮಲ್ಲ ರಿಕ್ ಫ್ಲೇರನ ಎಣಿಕೆಗೆ ಸರಿಗಟ್ಟಿದನು. ಎಂದಿಗೂ ಸೋಲೊಪ್ಪಬೇಡವೆಂಬುದು ಅವನ ಬಿರುದಿನ ಮಾತು. ಅಂಗಿಯ ಮೇಲೆ, ಕೈವಸ್ತ್ರದ ಮೇಲೆ, ಎಲ್ಲೆಲ್ಲಿಯೂ ಅದೇ ಅಚ್ಚು. ರೋಗಪೀಡಿತರಾದ ಮಕ್ಕಳ ಅಭಿಲಾಷೆಯನ್ನು ಸಲ್ಲಿಸುವ ಸಂಸ್ಥೆಯೊಂದರ ಮೂಲಕ ಆರುನೂರೈವತ್ತಕ್ಕೂ ಮಿಕ್ಕಿದ ಮಕ್ಕಳನ್ನು ಕಂಡು ಮಾತನಾಡಿಸಿದವನು. ನಾಯಕನೆಂದರೆ ಧೀರೋದಾತ್ತನೇ ಸರಿ. ಆದರೂ ಬೆಳೆದ ಪ್ರೇಕ್ಷಕರಲ್ಲಿ ಅರ್ಧದಷ್ಟು ಜನರು ವರ್ಷಗಟ್ಟಲೆ ಅವನನ್ನು ಮುಖದೆದುರಿಗೇ ಹಳಿಯುತ್ತ ಬಂದರು. ಸದಾ ಗೆಲ್ಲುವ ಸಾಧುವನ್ನು ಕಂಡರೆ ಲೋಕಕ್ಕೆ ಬೇಸರ. 2024ರ ಜುಲೈ ತಿಂಗಳಲ್ಲಿ ಟೊರಾಂಟೋ ನಗರದಲ್ಲಿ, ಮುಂದಿನ ವರ್ಷವೇ ತನ್ನ ಕಡೆಯ ವರ್ಷವೆಂದು ಅವನು ಸಾರಿದನು.

ಅದೇ ಟೊರಾಂಟೋವಿನಲ್ಲಿ 2025ರ ಮಾರ್ಚ್ 1ರಂದು ನಡೆದುದನ್ನು ನಾನು ಮೊಮ್ಮಗನೊಡನೆ ಕುಳಿತು ಕಂಡೆನು. ಪಟ್ಟದಲ್ಲಿದ್ದವನು ಕೋಡಿ ರೋಡ್ಸ್. ದಿ ರಾಕ್ ಎಂಬ ಹಳೆಯ ಮಲ್ಲನು, ಈಗ ಚಲನಚಿತ್ರಗಳ ನಟನೂ ಸಂಸ್ಥೆಯ ಅಧಿಕಾರವರ್ಗದಲ್ಲೊಬ್ಬನೂ ಆದವನು, ನಿನ್ನ ಆತ್ಮವನ್ನು ನನಗೆ ಒಪ್ಪಿಸೆಂದು ಕೋಡಿಯನ್ನು ಕೇಳಿದ್ದನು. ಕೋಡಿ ನಿರಾಕರಿಸಿದನು. ಸೀನಾನು ಕೋಡಿಯನ್ನು ತಬ್ಬಿಕೊಂಡನು. ಆ ಆಲಿಂಗನದಲ್ಲಿಯೇ ರಾಕನು ಕತ್ತಿನ ಮೇಲೆ ಬೆರಳನ್ನೆಳೆದು ಸನ್ನೆ ಮಾಡಲು, ಸೀನಾನ ಮುಖದಿಂದ ನಗೆಯು ಇಳಿದುಹೋಯಿತು. ಮರುಕ್ಷಣವೇ ನಡುವಿನ ಕೆಳಗೆ ಒದ್ದನು. ಮುಖವು ಬದಲಾದ ಆ ಒಂದು ಕ್ಷಣವಿದೆಯಷ್ಟೆ, ಸಾತ್ತ್ವಿಕಾಭಿನಯವೆಂದರೆ ಅದು. ಮಾತಿಲ್ಲ, ಹಾವಭಾವದ ಅತಿರೇಕವಿಲ್ಲ. ಮೊಮ್ಮಗನು ತಿನ್ನುತ್ತಿದ್ದ ಚಕ್ಕುಲಿಯನ್ನು ತಟ್ಟೆಗೆ ಹಾಕಿಬಿಟ್ಟನು. ನಾನೂ ಬೆರಗಾದೆನೆಂದು ಒಪ್ಪಿಕೊಳ್ಳುತ್ತೇನೆ.

ಆದರೆ ಬೆರಗು ಬೇರೆ, ರಸ ಬೇರೆ. ನಡುವಿನ ಕೆಳಗೆ ಹೊಡೆಯುವುದು ನಮ್ಮ ಕಥೆಗೆ ಹೊಸದಲ್ಲ. ಭೀಮನು ಗದಾಯುದ್ಧದಲ್ಲಿ ಧರ್ಮವನ್ನು ಮೀರಿ ದುರ್ಯೋಧನನ ತೊಡೆಯನ್ನು ಮುರಿದನು. ಬಲರಾಮನು ಅದನ್ನು ಕಂಡು ಕೆರಳಿದನು. ಅಧರ್ಮವೆಂದು ಎಲ್ಲರೂ ಬಲ್ಲರು. ಆದರೂ ರನ್ನನಿಂದ ಹಿಡಿದು ಇಂದಿನ ಯಕ್ಷಗಾನದ ಭಾಗವತನವರೆಗೆ ಯಾರೂ ಆ ಹೊಡೆತವನ್ನು ಅನುಚಿತವೆನ್ನಲಿಲ್ಲವೇಕೆ? ಅದರ ಬೀಜವನ್ನು ಹದಿಮೂರು ವರ್ಷಗಳ ಹಿಂದೆ, ಕೌರವನ ಸಭೆಯಲ್ಲಿ, ಅವನೇ ತೊಡೆಯನ್ನು ತಟ್ಟಿ ತೋರಿಸಿದ ದಿನ ಬಿತ್ತಿದ್ದಿತು. ಬೀಜವನ್ನು ಕಂಡವನಿಗೆ ಫಲವು ಭಯಂಕರವಾದರೂ ಉಚಿತ.

ಸೀನಾನ ಒದೆಗೆ ಬೀಜವೆಲ್ಲಿ? ಹದಿನಾರು ದಿನಗಳ ತರುವಾಯ ಬ್ರಸೆಲ್ಸ್ ನಗರದಲ್ಲಿ ಅವನೇ ಕಾರಣ ಹೇಳಿದನು: ಇಷ್ಟು ವರ್ಷ ನನ್ನನ್ನು ಹಳಿದವರು ನೀವು, ನನ್ನಿಂದ ಪಡೆದಿರೇ ಹೊರತು ಕೊಡಲಿಲ್ಲವೆಂಬುದು ಅದರ ತಾತ್ಪರ್ಯ. ಇದು ಬಹಳ ಒಳ್ಳೆಯ ಕಾರಣ. ನಿಜವಾದ ಕಾರಣ ಕೂಡ; ಆ ಹಳಿತವನ್ನು ಎಲ್ಲರೂ ಕೇಳಿದ್ದಾರೆ. ಆದರೆ ಈ ಕಾರಣವೇ ನಿಜವಾದರೆ ರಾಕನ ಸನ್ನೆಗೆ ಅಲ್ಲೇನು ಕೆಲಸ? ಆತ್ಮವನ್ನು ಕೊಂಡವನು ರಾಕನೆಂದು ನಾವು ನಂಬಿದ್ದೆವು. ಕೊಂಡ ವ್ಯಾಪಾರಿಯು ಮತ್ತೆ ಅಂಗಡಿಯ ಕಡೆಗೆ ತಲೆಹಾಕಲೇ ಇಲ್ಲ. ಏಪ್ರಿಲ್ 20ರಂದು ಲಾಸ್ ವೇಗಾಸಿನಲ್ಲಿ ನಡೆದ ರೆಸಲ್‌ಮೇನಿಯಾ ಮಹೋತ್ಸವದಲ್ಲಿ, ತನ್ನದೇ ಕಥೆಯ ಶಿಖರದಲ್ಲಿ, ಅವನು ಇರಲಿಲ್ಲ.

ಆ ಲಾಸ್ ವೇಗಾಸಿನ ಕುಸ್ತಿಯನ್ನು ಕುರಿತು ಹೆಚ್ಚಾಗಿ ಬರೆಯಲು ಮನಸ್ಸಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕುಳಿತವರಿಗೆ ನಿದ್ರೆ ಬರುವಷ್ಟು ನಿಧಾನವಾಗಿ ಸಾಗಿತು. ಮಧ್ಯದಲ್ಲಿ ಟ್ರಾವಿಸ್ ಸ್ಕಾಟ್ ಎಂಬ ಗಾಯಕನು ತನ್ನ ಹಾಡನ್ನು ಮೊಳಗಿಸಿಕೊಂಡು, ಮದುವೆಯ ದಿಬ್ಬಣದವನಂತೆ ಸಾವಕಾಶವಾಗಿ ನಡೆದು ಬಂದು, ತೀರ್ಪುಗಾರನನ್ನು ಎಳೆದು ಹಾಕಿದನು. ಕಾಳಗದ ನಡುವೆ ವಿದೂಷಕನು ಪ್ರವೇಶಿಸಿದರೆ ವೀರವೂ ಉಳಿಯದು, ಹಾಸ್ಯವೂ ಹುಟ್ಟದು. ಇದ್ದುದು ಒಂದೇ ಒಂದು ಚಿನ್ನದ ಕ್ಷಣ. ತೀರ್ಪುಗಾರನ ಕಣ್ಣು ತಪ್ಪಿದಾಗ ಬಿರುದಿನ ನಡುಪಟ್ಟಿಯನ್ನೇ ಆಯುಧವಾಗಿ ಎತ್ತಿಕೊಂಡ ಕೋಡಿಯು, ಹೊಡೆಯಲೋ ಬೇಡವೋ ಎಂದು ತೂಗಿ, ಬಿಟ್ಟುಬಿಟ್ಟನು. ಬಿಟ್ಟವನನ್ನು ಸೀನಾನು ಮತ್ತೆ ಕೆಳಗೆ ಹೊಡೆದು, ಅದೇ ಪಟ್ಟಿಯಿಂದ ಬಡಿದು, ಹದಿನೇಳನೆಯ ಪಟ್ಟವನ್ನು ಸಂಪಾದಿಸಿದನು. ಅಧರ್ಮದಿಂದ ಗೆದ್ದನೆಂದು ನನಗೆ ಬೇಸರವಿಲ್ಲ. ಅಧರ್ಮಕ್ಕೆ ತಕ್ಕ ತೇಜಸ್ಸು ಇರಲಿಲ್ಲವೆಂದು ಬೇಸರ. ರನ್ನನ ದುರ್ಯೋಧನನು ಎಷ್ಟು ಕೆಟ್ಟವನಾದರೂ ಅವನ ಛಲವನ್ನು ಕಂಡು ಮನಸ್ಸು ಕರಗುತ್ತದೆ. ಖಳನನ್ನು ಬರೆಯುವವರು ಅಷ್ಟನ್ನಾದರೂ ರನ್ನನಿಂದ ಕಲಿಯಬಹುದಾಗಿತ್ತು. ಆದರೆ ಅವರಿಗೆ ಕನ್ನಡ ಬಾರದು.

ಖಳನಾದುದಕ್ಕೆ ಅರ್ಧ ಕಾರಣವಾದರೂ ಇತ್ತು. ಮರಳಿ ಸಾಧುವಾದುದಕ್ಕೆ ಅಷ್ಟೂ ಇಲ್ಲ. ಆಗಸ್ಟ್ ತಿಂಗಳ ಸಮ್ಮರ್‌ಸ್ಲ್ಯಾಮ್ ಉತ್ಸವದ ತನ್ನ ಕುಸ್ತಿಗೆ ಎರಡೇ ದಿನ ಮುಂಚೆ ಒಂದು ಭಾಷಣದಲ್ಲಿ ಎಲ್ಲವನ್ನೂ ತೊಳೆದುಕೊಂಡನು. ಐದು ತಿಂಗಳ ಪಾಪಕ್ಕೆ ಒಂದು ಗಳಿಗೆಯ ಪ್ರಾಯಶ್ಚಿತ್ತ! ಆದರೂ ಆಗಸ್ಟ್ 3ರಂದು ನ್ಯೂ ಜೆರ್ಸಿಯಲ್ಲಿ ಅವನೂ ಕೋಡಿಯೂ ಕಾದಿದ ರೀತಿಯನ್ನು ಮೆಚ್ಚದಿರಲಾಗದು. ಏಪ್ರಿಲಿನಲ್ಲಿ ಮಲಗಿದ್ದುದೆಲ್ಲ ಅಂದು ಎದ್ದು ನಿಂತಿತು. ಸೋತ ಸೀನಾನು ನಡುಪಟ್ಟಿಯನ್ನು ತನ್ನ ಕೈಯಾರೆ ಕೋಡಿಗೆ ಒಪ್ಪಿಸಿದನು. ಅಕ್ಟೋಬರ್ 11ರಂದು ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಹಳೆಯ ಎದುರಾಳಿ ಎ. ಜೆ. ಸ್ಟೈಲ್ಸನೊಡನೆ ಆಡಿದುದು ಇನ್ನೂ ಸೊಗಸು. ಇಬ್ಬರೂ ತಮ್ಮ ಪಟ್ಟುಗಳ ನಡುನಡುವೆ, ರಂಗವನ್ನು ಬಿಟ್ಟುಹೋದ, ಲೋಕವನ್ನೇ ಬಿಟ್ಟುಹೋದ ಮಲ್ಲರ ಪಟ್ಟುಗಳನ್ನು ಒಂದೊಂದಾಗಿ ಹಾಕಿದರು. ಕಾವ್ಯಾರಂಭದಲ್ಲಿ ಕವಿಗಳು ಪೂರ್ವಕವಿಸ್ಮರಣೆ ಮಾಡುವ ಪದ್ಧತಿಯುಂಟಷ್ಟೆ. ಇವರು ಅದನ್ನು ಕಾವ್ಯದ ಕೊನೆಯಲ್ಲಿ, ಮೈಯಿಂದಲೇ ಮಾಡಿದರು.

ಇನ್ನು ಕಡೆಯ ಕುಸ್ತಿ. 2025ರ ಡಿಸೆಂಬರ್ 13, ವಾಷಿಂಗ್ಟನ್ ನಗರ. ನಮಗೆ 14ರ ಭಾನುವಾರದ ಬೆಳಗು. ಧನುರ್ಮಾಸಕ್ಕೆ ಇನ್ನೆರಡು ದಿನವಿತ್ತು, ಚಳಿ ಹಿಡಿದಿತ್ತು. ಎದುರಾಳಿಯು ಆಸ್ಟ್ರಿಯಾ ದೇಶದ ಗುಂಥರ್, ಸೀನಾನಿಗಿಂತ ಹತ್ತು ವರ್ಷ ಕಿರಿಯನು, ಕಡಿಮೆ ಮಾತಿನವನು, ಅಂಗೈಯಿಂದ ಎದೆಗೆ ಬಾರಿಸಿದರೆ ಶಬ್ದವೇ ಸಾಕ್ಷಿ. ಅದೇ ಜುಲೈ ತಿಂಗಳಲ್ಲಿ ಗೋಲ್ಡ್‌ಬರ್ಗ್ ಎಂಬ ಹಿರಿಯ ಮಲ್ಲನ ಕಡೆಯ ಕುಸ್ತಿಯಲ್ಲಿಯೂ ಇವನೇ ಎದುರಾಗಿ, ಕತ್ತನ್ನು ತೋಳಿನಲ್ಲಿ ಅಮುಕಿ ಗೆದ್ದಿದ್ದನು. ಸೀನಾನನ್ನೂ ಅದೇ ರೀತಿ ಸೋಲೊಪ್ಪಿಸುವೆನೆಂದು ಮುಂಚಿತವಾಗಿಯೇ ಸಾರಿದ್ದನು. ವಾಚಕರು ಗಮನಿಸಬೇಕು: ಇಲ್ಲಿ ಪ್ರತಿಜ್ಞೆಯುಂಟು. ಮೊದಲು ಕಾಣದಿದ್ದ ಬೀಜವು ಇಲ್ಲಿ ಕಣ್ಣಿಗೆ ಬಿದ್ದಿದೆ.

ಸೀನಾನು ತನ್ನ ಪ್ರಸಿದ್ಧವಾದ ಪಟ್ಟಿನಿಂದ, ಎದುರಾಳಿಯನ್ನು ಹೆಗಲಮೇಲೆ ಹೊತ್ತು ಒಗೆದನು. ಗುಂಥರನು ಎದ್ದನು. ಕತ್ತಿನ ಹಿಡಿತವು ಬಿತ್ತು, ಬಿಡಿಸಿಕೊಂಡನು, ಮತ್ತೆ ಬಿತ್ತು. ಕೊನೆಯ ಹಿಡಿತದಲ್ಲಿ ಇಪ್ಪತ್ತಮೂರು ವರ್ಷಗಳ ಪ್ರೇಕ್ಷಕರು ಏಳು, ಏಳೆಂದು ಕೂಗುತ್ತಿರಲು, ಸೀನಾನ ಮುಖದಲ್ಲಿ ಒಂದು ಸಣ್ಣ ನಗೆ ಮೂಡಿತು. ಕೈಯೆತ್ತಿ ತಟ್ಟಿದನು. ಎಂದಿಗೂ ಸೋಲೊಪ್ಪಬೇಡವೆಂದವನು ಸೋಲೊಪ್ಪಿದನು.

ಸಭಾಂಗಣವು ಸಿಡಿಯಿತು. ಕಥೆಯನ್ನು ಕಟ್ಟುವವರ ಮುಖ್ಯಸ್ಥನಾದ ಪಾಲ್ ಲೆವೆಕ್ ರಂಗಕ್ಕೆ ಬಂದಾಗ ಜನರು ಅವನನ್ನು ಹಳಿದ ಹಳಿತವನ್ನು ಇಲ್ಲಿ ಬರೆಯುವಂತಿಲ್ಲ. ನನ್ನ ಮೊಮ್ಮಗನು, ಹತ್ತು ವರ್ಷದವನು, ಅತ್ತನು. ಬಿರುದಿನ ಮಾತಿಗೇ ವಿರುದ್ಧವಾಯಿತಲ್ಲ, ತಾತ, ಇಷ್ಟು ದಿನ ಹೇಳಿದ್ದು ಸುಳ್ಳೇ ಎಂದು ಕೇಳಿದನು. ಸುಲಭವಾದ ಪ್ರಶ್ನೆಯಲ್ಲ. ಔಚಿತ್ಯವಾದಿಗಳು ಕೂಡ ಪಾತ್ರದ ಸ್ವಭಾವಕ್ಕೆ ವಿರೋಧವಾದ ನಡತೆಯನ್ನು ದೋಷಗಳಲ್ಲಿ ಎಣಿಸುತ್ತಾರೆ. ಆ ಪಕ್ಷದಲ್ಲಿ ನಿಂತು ವಾದಿಸಿದರೆ ಹುಡುಗನೇ ಗೆದ್ದಾನು.

ಆದರೂ ನನ್ನ ತೀರ್ಪು ಬೇರೆ. ಕಾರಣ ಆ ನಗೆ. ಕೈಮಾತ್ರ ತಟ್ಟಿ ಮುಖವು ವಿಕಾರವಾಗಿದ್ದರೆ ಅದು ಬಲದ ಸೋಲು, ಸ್ವಭಾವಕ್ಕೆ ವಿರೋಧ. ನಕ್ಕು ತಟ್ಟಿದುದರಿಂದ ಅದು ಸಂಕಲ್ಪವಾಯಿತು. ವೀರವು ಇದ್ದಕ್ಕಿದ್ದಂತೆ ಶಾಂತಕ್ಕೆ ತಿರುಗಿತು. ಈ ವೃತ್ತಿಯಲ್ಲಿ ಹೋಗುವವನು ಇರುವವನಿಗೆ ಗೆಲವನ್ನು ಕೊಟ್ಟು ಹೋಗಬೇಕೆಂಬ ಹಳೆಯ ಸಂಪ್ರದಾಯವೊಂದುಂಟು. ಕೊಡುವುದಾದರೆ ತನ್ನಲ್ಲಿರುವ ಅತ್ಯಂತ ಬೆಲೆಯುಳ್ಳದ್ದನ್ನೇ ಕೊಡಬೇಕಲ್ಲವೆ? ಹದಿನೇಳು ಪಟ್ಟಗಳಿಗಿಂತಲೂ ಸೀನಾನಲ್ಲಿ ಬೆಲೆಯುಳ್ಳದ್ದೆಂದರೆ ಆ ಮಾತು. ಅದನ್ನೇ ಕೊಟ್ಟನು. ಬಳಿಕ ಕೈಪಟ್ಟಿಗಳನ್ನೂ ಪಾದರಕ್ಷೆಗಳನ್ನೂ ರಂಗದಲ್ಲಿಯೇ ಬಿಟ್ಟು, ವಂದಿಸಿ, ಹೊರಟುಹೋದನು.

ಇದನ್ನು ಬರೆಯುವಾಗ ನನ್ನ ವಯಸ್ಸೂ ಕೈಗೆ ಬಂದು ಬರೆಸುತ್ತಿರಬಹುದು. ಶಾಲೆಯನ್ನು ಬಿಟ್ಟ ದಿನ ನನ್ನ ತರಗತಿಯನ್ನು ವಹಿಸಿಕೊಂಡ ಕಿರಿಯರು, ನಾನು ಮೂವತ್ತು ವರ್ಷ ಬಾಯಿಪಾಠ ಮಾಡಿಸಿದುದನ್ನು ಇನ್ನು ಮಾಡಿಸುವುದಿಲ್ಲವೆಂದು ವಿನಯದಿಂದಲೇ ಹೇಳಿದರು. ಸರಿಯೆಂದೆನು, ನಕ್ಕೆನೆಂದು ಮಾತ್ರ ಹೇಳಲಾರೆನು. ಆದುದರಿಂದ ಆ ನಗೆಯ ಕಷ್ಟವನ್ನು ಬಲ್ಲೆನು.

ಈ ಬರಹವನ್ನು ಮೊಮ್ಮಗನಿಗೆ ಓದಿ ಹೇಳಿದೆನು. ರಾಕನ ವಿಷಯದಲ್ಲಿ ನಾನು ಬರೆದುದೆಲ್ಲವೂ ಸರಿಯೆಂದನು. ಗುಂಥರನ ವಿಷಯದಲ್ಲಿ ಇಂದಿಗೂ ಒಪ್ಪಿಲ್ಲ.