ನಂಬಿಗಸ್ತ ಪೆಟ್ಟಿಗೆ, ಮುಚ್ಚಿದ ಪಟ್ಟಿ

ನಮ್ಮ ಕಾನಹೊಸಹಳ್ಳಿ ಸಂತೆಯಲ್ಲಿ ಅಜ್ಜಿ ಗಡಿಗೆ ಕೊಳ್ಳುತ್ತಿದ್ದ ರೀತಿ ನನಗಿನ್ನೂ ನೆನಪಿದೆ. ಮೊದಲು ಯಾವ ಊರಿನ ಆವಿಗೆಯದು ಎಂದು ಕೇಳುತ್ತಿದ್ದಳು. ಉತ್ತರ ಬಂದ ಮೇಲೆ ನಂಬಿದವಳಂತೆ ತಲೆಯಾಡಿಸಿ, ಆಮೇಲೆ ಗಡಿಗೆಯನ್ನು ಎತ್ತಿ ಬೆರಳಿನ ಗೆಣ್ಣಿನಿಂದ ಸುತ್ತಲೂ ಬಡಿದು ಸದ್ದು ಕೇಳುತ್ತಿದ್ದಳು. ಕುಂಬಾರನಿಗೆ ಇದರಿಂದ ಬೇಸರವೇನೂ ಆಗುತ್ತಿರಲಿಲ್ಲ. ಇದು ಬೇಡವಾದರೆ ತಗೋ ಎಂದು ಅವನೇ ಇನ್ನೊಂದನ್ನು ಬಡಿದು ತೋರಿಸುತ್ತಿದ್ದ.

ಅಜ್ಜಿಯ ಗಡಿಗೆ ನೆನಪಾದದ್ದು ಸರ್ಕಾರದ ಒಂದು ಪ್ರಕಟಣೆಯನ್ನು ಓದುವಾಗ. 2020ರ ಡಿಸೆಂಬರ್ 16ರಂದು ಕೇಂದ್ರ ಸಂಪುಟದ ಭದ್ರತಾ ಸಮಿತಿ ಟೆಲಿಕಾಂ ವಲಯಕ್ಕಾಗಿ ಒಂದು ರಾಷ್ಟ್ರೀಯ ಭದ್ರತಾ ನಿರ್ದೇಶನಕ್ಕೆ ಒಪ್ಪಿಗೆ ಕೊಟ್ಟಿತು. 2021ರ ಜೂನ್ 15ರಿಂದ ಅದು ಜಾರಿಗೆ ಬಂತು. ದೂರವಾಣಿ ಕಂಪನಿಗಳು ತಮ್ಮ ಜಾಲಕ್ಕೆ ಹೊಸದಾಗಿ ಸೇರಿಸುವ ಉಪಕರಣಗಳನ್ನು 'ವಿಶ್ವಾಸಾರ್ಹ ಮೂಲ'ಗಳಿಂದ ಮಾತ್ರ ಕೊಳ್ಳಬೇಕು ಎಂಬುದು ಅದರ ತಿರುಳು. ಯಾವ ಮೂಲ ವಿಶ್ವಾಸಾರ್ಹ ಎಂದು ತೀರ್ಮಾನಿಸಲು ರಾಷ್ಟ್ರೀಯ ಭದ್ರತಾ ಉಪಸಲಹೆಗಾರರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಇದೆ. ಸಂಬಂಧಪಟ್ಟ ಇಲಾಖೆಗಳವರು, ಉದ್ಯಮದ ಇಬ್ಬರು, ಒಬ್ಬ ಸ್ವತಂತ್ರ ತಜ್ಞ ಅದರ ಸದಸ್ಯರು. ಯಾರಿಂದ ಕೊಳ್ಳಲೇಬಾರದು ಎಂಬ ಇನ್ನೊಂದು ಪಟ್ಟಿ ಮಾಡುವ ಅಧಿಕಾರವೂ ಇದೆ. ಮುಂದೆ 2023ರ ದೂರಸಂಪರ್ಕ ಕಾಯ್ದೆಯ ಒಳಕ್ಕೂ 'ವಿಶ್ವಾಸಾರ್ಹ ಮೂಲ' ಎಂಬ ಮಾತು ಬಂದು ಕೂತಿತು.

ಕಥೆ ಬರೆಯುವವರಿಗೆ ಒಂದು ಚಟವಿರುತ್ತದೆ. ಯಾವ ಬರಹ ಕೈಗೆ ಬಂದರೂ ಇದರಲ್ಲಿ ಪಾತ್ರಗಳು ಯಾರು, ಯಾರ ಬಾಯಿಗೆ ಮಾತು ಕೊಟ್ಟಿದ್ದಾರೆ ಎಂದು ಹುಡುಕುವುದು. ಈ ಪ್ರಕಟಣೆಯಲ್ಲಿ ಮಾರುವವರಿದ್ದಾರೆ, ಕೊಳ್ಳುವ ಕಂಪನಿಗಳಿವೆ, ಅನುಮತಿ ಕೊಡುವ ಅಧಿಕಾರಿಗಳಿದ್ದಾರೆ, ಹೆಸರು ಹೇಳದ ಒಬ್ಬ ಶತ್ರುವೂ ಇದ್ದಾನೆ. ಯಾರ ಮಾತು ಈ ತಂತಿಯಲ್ಲಿ, ಈ ಗಾಳಿಯಲ್ಲಿ ಹಾದುಹೋಗುತ್ತದೆಯೋ ಅವರು ಮಾತ್ರ ಇಲ್ಲ. ದುಬೈಯಲ್ಲಿರುವ ಮಗನೊಂದಿಗೆ ಮಾತನಾಡುವ ತಾಯಿ, ಶೇಂಗಾ ಧಾರಣೆ ಕೇಳಲು ಚಳ್ಳಕೆರೆಗೆ ಫೋನು ಹಚ್ಚುವ ಕೂಡ್ಲಿಗಿ ಸೀಮೆಯ ರೈತ ಇದರೊಳಗೆ ಕಾಣುವುದಿಲ್ಲ. ಅವರು ನಂಬಬೇಕು ಅಷ್ಟೆ. ಏನನ್ನು ನೋಡಿ ನಂಬಬೇಕು ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ.

ಇದನ್ನು ಸರ್ಕಾರದ ಅನುಮಾನವನ್ನು ಗೇಲಿ ಮಾಡಲು ಬರೆಯುತ್ತಿಲ್ಲ. ಅನುಮಾನಕ್ಕೆ ಕಾರಣವಿದೆ. ಟವರಿನ ಬುಡದಲ್ಲಿರುವ ಪೆಟ್ಟಿಗೆ ಬರೀ ಕಬ್ಬಿಣವಲ್ಲ. ಅದರೊಳಗೆ ಲಕ್ಷಗಟ್ಟಲೆ ಸಾಲುಗಳ ತಂತ್ರಾಂಶವಿದೆ. ಆ ತಂತ್ರಾಂಶವನ್ನು ಮಾಡಿದವನು ಆಗಾಗ ದೂರದಿಂದಲೇ ತಿದ್ದುತ್ತಿರುತ್ತಾನೆ. ಮನೆ ಕಟ್ಟಿಕೊಟ್ಟ ಮೇಸ್ತ್ರಿ ಬೀಗದ ಕೈಯನ್ನೂ ತನ್ನ ಬಳಿಯೇ ಇಟ್ಟುಕೊಂಡು ವರ್ಷಕ್ಕೆ ನಾಲ್ಕು ಸಲ ಬಂದು ಗೋಡೆ ಮುಟ್ಟಿ ಹೋದಂತೆ. ಅವನು ಸಜ್ಜನನಾದರೆ ಚಿಂತೆಯಿಲ್ಲ. ಅಲ್ಲದಿದ್ದರೆ ಕದಿಯಲೂಬಹುದು, ಮನೆಯನ್ನೇ ಕತ್ತಲು ಮಾಡಲೂಬಹುದು.

2024ರ ಸೆಪ್ಟೆಂಬರ್ 17 ಮತ್ತು 18ರಂದು ಲೆಬನಾನಿನಲ್ಲಿ ನಡೆದದ್ದನ್ನು ಓದುಗರು ಮರೆತಿರಲಾರರು. ಹಿಜ್ಬುಲ್ಲಾ ಸಂಘಟನೆಯವರು ತಮ್ಮ ಜನರಿಗೆ ಹಂಚಿದ್ದ ಪೇಜರುಗಳು ಒಂದು ದಿನ, ವಾಕಿಟಾಕಿಗಳು ಮರುದಿನ ಒಟ್ಟೊಟ್ಟಿಗೆ ಸಿಡಿದವು. ಮೂವತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಸಾವಿರಾರು ಜನ ಗಾಯಗೊಂಡರು, ಅನೇಕರ ಕಣ್ಣು, ಬೆರಳು ಹೋದವು. ತರಕಾರಿ ಅಂಗಡಿಯಲ್ಲಿ, ಅಡುಗೆಮನೆಯಲ್ಲಿ, ಶವಯಾತ್ರೆಯಲ್ಲಿ ನಡೆದ ಸ್ಫೋಟಗಳಿವು. ಎರಡು ತಿಂಗಳ ನಂತರ ಇಸ್ರೇಲಿನ ಪ್ರಧಾನಿ ಈ ಕೆಲಸ ತಮ್ಮದೇ ಎಂದು ಒಪ್ಪಿಕೊಂಡರು. ನಮ್ಮ ಚರ್ಚೆಗೆ ಮುಖ್ಯವಾದದ್ದು ಆ ಪೇಜರುಗಳ ಮೇಲಿದ್ದ ಹೆಸರು. ಅದು ತೈವಾನಿನ ಕಂಪನಿಯದು. ತಾವು ಹೆಸರು ಬಳಸಲು ಅನುಮತಿ ಕೊಟ್ಟಿದ್ದೇವೆ ಅಷ್ಟೆ, ಮಾಡಿದ್ದು ಹಂಗೇರಿಯ ಬುಡಾಪೆಸ್ಟಿನ ಒಂದು ಕಂಪನಿ ಎಂದು ಅವರು ಹೇಳಿದರು. ತೈವಾನ್ ಲೆಬನಾನಿನ ವೈರಿಯಲ್ಲ, ಹಂಗೇರಿಯೂ ಅಲ್ಲ. ಯಾವ ಊರಿನ ಆವಿಗೆ ಎಂದು ಮಾತ್ರ ಕೇಳಿದ್ದರೆ ಆ ಪೇಜರು ಪರೀಕ್ಷೆಯಲ್ಲಿ ಪಾಸಾಗುತ್ತಿತ್ತು.

ಇನ್ನೂ ಹಳೆಯ ಕಥೆಯೊಂದಿದೆ. ಸ್ವಿಟ್ಜರ್‌ಲೆಂಡಿನ ಕ್ರಿಪ್ಟೊ ಎಂಬ ಕಂಪನಿ ರಹಸ್ಯ ಸಂದೇಶಗಳನ್ನು ಸಂಕೇತಕ್ಕೆ ಇಳಿಸುವ ಯಂತ್ರಗಳನ್ನು ನೂರಕ್ಕೂ ಹೆಚ್ಚು ದೇಶಗಳಿಗೆ ಮಾರುತ್ತಿತ್ತು. ಸ್ವಿಸ್ ಎಂದರೆ ತಟಸ್ಥ ಎಂಬ ನಂಬಿಕೆಯೇ ಅದರ ಬಂಡವಾಳ. ಆ ಕಂಪನಿಯ ಗುಪ್ತ ಮಾಲೀಕರು ಅಮೆರಿಕದ ಸಿಐಎ ಮತ್ತು ಪಶ್ಚಿಮ ಜರ್ಮನಿಯ ಬೇಹುಗಾರಿಕೆ ಸಂಸ್ಥೆ ಎಂಬುದನ್ನು 2020ರ ಫೆಬ್ರವರಿಯಲ್ಲಿ ಪತ್ರಕರ್ತರು ದಾಖಲೆ ಸಮೇತ ಹೊರಗೆಳೆದರು. ಗಿರಾಕಿಗಳ ಪಟ್ಟಿಯಲ್ಲಿ ಭಾರತವೂ ಇತ್ತು, ಪಾಕಿಸ್ತಾನವೂ ಇತ್ತು. ಪರಸ್ಪರ ಹೆದರಿ ಒಂದೇ ಅಂಗಡಿಯ ಬೀಗ ಕೊಂಡಿದ್ದ ಇಬ್ಬರು ನೆರೆಯವರು! 2014ರಲ್ಲಿ ಸ್ನೋಡೆನ್ ಬಯಲಿಗೆ ತಂದ ಕಾಗದಗಳಲ್ಲಿ ಇನ್ನೊಂದು ವಿಷಯ ಹೊರಬಂತು. ವಿದೇಶಗಳಿಗೆ ಹೊರಟ ಅಮೆರಿಕದ ರೂಟರುಗಳನ್ನು ದಾರಿಯಲ್ಲೇ ತಡೆದು, ಪೆಟ್ಟಿಗೆ ಬಿಚ್ಚಿ, ತಮ್ಮ ಕಿವಿಯನ್ನು ಅದರೊಳಗಿಟ್ಟು ಮತ್ತೆ ಅಂಟಿಸಿ ಕಳಿಸುವುದು ಅಲ್ಲಿನ ಬೇಹುಗಾರರ ರೂಢಿಯಾಗಿತ್ತು. ತಯಾರಿಸಿದವನು ಪ್ರಾಮಾಣಿಕನಾಗಿದ್ದರೂ ದಾರಿ ಪ್ರಾಮಾಣಿಕವಾಗಿರಲಿಲ್ಲ.

ನಮ್ಮಲ್ಲಿ ಈ ಚರ್ಚೆಯೆಲ್ಲ ಚೀನಾ ಎಂಬ ಒಂದೇ ಹೆಸರಿನ ಸುತ್ತ ತಿರುಗುತ್ತದೆ. 2020ರ ನಿರ್ದೇಶನ ಆ ಹೆಸರನ್ನು ಎತ್ತುವುದಿಲ್ಲ, ಆದರೆ ಎಲ್ಲರಿಗೂ ಗೊತ್ತು. ಚೀನಾದ ಮೇಲಿನ ಶಂಕೆ ನಿರಾಧಾರವಲ್ಲ. ಅಲ್ಲಿ ಸರ್ಕಾರ ಕೇಳಿದರೆ ಕಂಪನಿ ಇಲ್ಲ ಎನ್ನುವಂತಿಲ್ಲ. ಆದರೆ ಮೂಲ ಎಂಬುದು ಅಷ್ಟು ಸರಳವಲ್ಲ. ಹುವಾವೆ ಕಂಪನಿ 1999ರಲ್ಲೇ ಬೆಂಗಳೂರಿನಲ್ಲಿ ತನ್ನ ಸಂಶೋಧನಾ ಕೇಂದ್ರ ತೆರೆದಿತ್ತು, ಅಲ್ಲಿ ನಮ್ಮ ಹುಡುಗರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಕೂತು ತಂತ್ರಾಂಶ ಬರೆದರು. ಆ ಸಾಲುಗಳ ಮೂಲ ಯಾವ ದೇಶ? ಇನ್ನೊಂದು ಕಡೆ, ಭಾರತದ್ದೇ ಎಂದು ನಾವು ಹೆಮ್ಮೆಪಡುವ ಉಪಕರಣಗಳ ಮುಖ್ಯ ಚಿಪ್ಪುಗಳು ಇಂದಿಗೂ ಹೊರದೇಶಗಳ ಕಾರ್ಖಾನೆಗಳಿಂದಲೇ ಬರುತ್ತವೆ. ಮೂಲ ಯಾವುದು ಎಂದು ಕೇಳಿ, ಉತ್ತರ ಸಿಕ್ಕ ಕೂಡಲೇ ತೀರ್ಪು ಕೊಟ್ಟುಬಿಡುವ ರೂಢಿ ಎಷ್ಟು ಸೋಮಾರಿತನದ್ದು ಎಂಬುದು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿ ಅಲೆದ ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

ಹಾಗಾದರೆ ಬಡಿದು ನೋಡುವ ದಾರಿ ಇಲ್ಲವೇ? ಇತ್ತು, ಅದೂ ಕರ್ನಾಟಕದಲ್ಲೇ ಇತ್ತು. 1948ರಲ್ಲಿ ಬೆಂಗಳೂರಿನಲ್ಲಿ ಐಟಿಐ ಕಾರ್ಖಾನೆ ಹುಟ್ಟಿತು. ದೂರವಾಣಿನಗರ ಎಂಬ ಚೆಂದದ ಹೆಸರು ಅದರಿಂದಲೇ ಬಂದದ್ದು. ದೇಶಕ್ಕೆ ದಶಕಗಳ ಕಾಲ ಫೋನು, ಎಕ್ಸ್‌ಚೇಂಜು ಕೊಟ್ಟದ್ದು ಅದು, ಆದರೆ ವಿನ್ಯಾಸ ಹೆಚ್ಚಾಗಿ ಯುರೋಪಿನಿಂದ ಎರವಲು ತಂದದ್ದು. 1984ರಲ್ಲಿ ಸ್ಯಾಮ್ ಪಿತ್ರೋಡಾ ಮುಂದಾಳತ್ವದಲ್ಲಿ ಸಿ-ಡಾಟ್ ಶುರುವಾದ ಮೇಲೆ ಇಲ್ಲಿನ ಎಂಜಿನಿಯರುಗಳು ಇಲ್ಲಿಯ ಹಳ್ಳಿಗಳಿಗೆಂದೇ ಒಂದು ಎಕ್ಸ್‌ಚೇಂಜನ್ನು ರೂಪಿಸಿದರು. 128 ಪೋರ್ಟುಗಳ ಸಣ್ಣ ಯಂತ್ರ. ಹವಾನಿಯಂತ್ರಣ ಬೇಡ, ಧೂಳು ತಡೆಯುತ್ತದೆ, ಬೇಸಿಗೆ ತಡೆಯುತ್ತದೆ. ಅದರ ಮೊದಲನೆಯದು 1986ರ ಜುಲೈಯಲ್ಲಿ ಕೆಲಸ ಶುರು ಮಾಡಿದ್ದು ದಿಲ್ಲಿಯಲ್ಲಲ್ಲ, ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಊರನ್ನೇ ಯಾಕೆ ಆರಿಸಿದರೋ, ಕಥೆಗಾರರಿಗಂತೂ ಅದು ಪುಕ್ಕಟೆ ಸಿಕ್ಕ ರೂಪಕ.

ಆ ಬಗೆಯ ಯಂತ್ರವನ್ನು ನಾನು ಹುಡುಗನಾಗಿದ್ದಾಗ ನಮ್ಮ ಸೀಮೆಯಲ್ಲೇ ಕಂಡಿದ್ದೆ. ಒಂದೇ ಕೋಣೆ, ಒಳಗೆ ಬೀರುವಿನಂಥದೊಂದು ಪೆಟ್ಟಿಗೆ, ಬಾಗಿಲ ಬಳಿ ಬ್ಯಾಟರಿಗಳ ಸಾಲು. ಮೆಕ್ಯಾನಿಕ್ ಬೀರುವಿನ ಬಾಗಿಲು ತೆಗೆದು, ಹಸಿರು ಹಲಗೆಯೊಂದನ್ನು ಹೊರಗೆಳೆದು, ಉಫ್ ಎಂದು ಊದಿ ಮತ್ತೆ ಸಿಕ್ಕಿಸಿದ. ಉರ್ದು ಶಾಲೆಯ ಹಲಗೆಗಿಂತ ಸ್ವಲ್ಪ ದೊಡ್ಡದಿತ್ತು ಎಂದು ನಾನು ಗೆಳೆಯರಿಗೆ ಹೇಳಿಕೊಂಡು ತಿರುಗಿದ್ದೆ. ಇಂದು ಭದ್ರತೆಯ ಬಗ್ಗೆ ಏನೇ ಓದಿದರೂ ನನಗೆ ಆ ತೆರೆದ ಬಾಗಿಲೇ ಕಣ್ಣಿಗೆ ಬರುತ್ತದೆ. ಯಂತ್ರದ ಒಳಗೇನಿದೆ ಎಂದು ಬಲ್ಲವರು ನಮ್ಮಲ್ಲಿದ್ದರು, ಹಾಳಾದರೆ ಬಿಚ್ಚುವವರು ತಾಲೂಕಿನಲ್ಲೇ ಇದ್ದರು.

ಆಮೇಲೆ ಮೊಬೈಲಿನ ಕಾಲ ಬಂತು. ಸಿ-ಡಾಟ್ ಹಿಂದೆ ಬಿತ್ತು, ಐಟಿಐ ನಷ್ಟಕ್ಕೆ ಬಿತ್ತು. ಸರ್ಕಾರಿ ಟೆಂಡರಿನಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆ ಹೇಳಿದವನಿಗೆ ಕೆಲಸ ಎಂಬ ನಿಯಮದಡಿ ಹುವಾವೆ, ಝಡ್‌ಟಿಇ ಉಪಕರಣಗಳು ಬಿಎಸ್‌ಎನ್‌ಎಲ್ ಜಾಲದೊಳಗೆ ದೊಡ್ಡ ಪ್ರಮಾಣದಲ್ಲಿ ಬಂದವು. ಖಾಸಗಿ ಕಂಪನಿಗಳೂ ಕೊಂಡವು. ನಮ್ಮ ಕೈಯಲ್ಲಿ ಅಗ್ಗದ ಕರೆ ಇದ್ದದ್ದರಲ್ಲಿ ಅದರ ಪಾಲೂ ಇದೆ, ಇಲ್ಲವೆನ್ನಲಾಗದು. ಎಚ್ಚರ ಮೂಡಿದ್ದು 2010ರ ಸುಮಾರಿಗೆ. ತಂತ್ರಾಂಶದ ಮೂಲಪ್ರತಿಯನ್ನು ಒಪ್ಪಿಸಿ ಎಂದು ಆ ವರ್ಷ ಸರ್ಕಾರ ಕಟ್ಟುನಿಟ್ಟಿನ ನಿಯಮ ಮಾಡಿತು. ಕಂಪನಿಗಳು ಗಲಾಟೆ ಮಾಡಿದವು, 2011ರಲ್ಲಿ ನಿಯಮ ಸಡಿಲವಾಯಿತು. ಉಪಕರಣಗಳನ್ನು ಭಾರತದ ಪ್ರಯೋಗಾಲಯದಲ್ಲೇ ಪರೀಕ್ಷಿಸಬೇಕು ಎಂಬ ಷರತ್ತಿಗೆ 2013ರ ಏಪ್ರಿಲ್ ಎಂದು ದಿನ ಗೊತ್ತಾಗಿತ್ತು. ಪ್ರಯೋಗಾಲಯಗಳೇ ಸಿದ್ಧವಿರಲಿಲ್ಲ, ದಿನ ಮುಂದೆ ಮುಂದೆ ಹೋಯಿತು.

ನಂತರ ಗಲ್ವಾನ್. 2020ರ ಜೂನ್‌ನಲ್ಲಿ ಇಪ್ಪತ್ತು ಸೈನಿಕರು ಹತರಾದರು. ಕೆಲವೇ ದಿನಗಳಲ್ಲಿ ಬಿಎಸ್‌ಎನ್‌ಎಲ್‌ನ 4ಜಿ ಟೆಂಡರು ರದ್ದಾಯಿತು. ಭಾರತದಲ್ಲೇ ಹೊಸದಾಗಿ ಕಟ್ಟಬೇಕೆಂದು ತೀರ್ಮಾನವಾಯಿತು. ಜಾಲದ ನಡುಮನೆ ಸಿ-ಡಾಟ್‌ನದು, ಟವರಿನ ರೇಡಿಯೊ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಜೋಡಿಸುವ ಹೊಣೆ ಟಿಸಿಎಸ್‌ನದು. 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿ ಉದ್ಘಾಟಿಸಿದಾಗ 97,500ಕ್ಕೂ ಹೆಚ್ಚು ಟವರುಗಳು, ಸುಮಾರು 37,000 ಕೋಟಿ ರೂಪಾಯಿ ಎಂದು ಲೆಕ್ಕ ಕೊಟ್ಟರು. ಇದು ಸಣ್ಣ ಸಾಧನೆಯಲ್ಲ. ಜಗತ್ತಿನಲ್ಲಿ ಇಂಥ ಜಾಲವನ್ನು ತಾವೇ ಕಟ್ಟಬಲ್ಲ ದೇಶಗಳು ಬೆರಳೆಣಿಕೆಯಷ್ಟು.

ಆದರೆ ಕಾಲದ ಲೆಕ್ಕವನ್ನೂ ನೋಡಬೇಕು. ಟೆಂಡರು ರದ್ದಾದಾಗಿನಿಂದ ಉದ್ಘಾಟನೆಗೆ ಐದು ವರ್ಷ. ಅಷ್ಟರಲ್ಲಿ ಖಾಸಗಿಯವರು 2022ರ ಅಕ್ಟೋಬರಿನಲ್ಲಿ 5ಜಿ ಶುರು ಮಾಡಿಯಾಗಿತ್ತು. ಅವರ ಜಾಲದಲ್ಲೂ ಅದೇ ಚೀನಾದ ಹಳೆಯ ಪೆಟ್ಟಿಗೆಗಳಿದ್ದವು. ಅವನ್ನು ಕಿತ್ತುಹಾಕಿ ಎಂದು 2020ರ ನಿರ್ದೇಶನ ಹೇಳಲಿಲ್ಲ. ಹಳೆಯ ಉಪಕರಣಗಳ ವಾರ್ಷಿಕ ದುರಸ್ತಿ ಒಪ್ಪಂದ, ತಂತ್ರಾಂಶದ ಪರಿಷ್ಕರಣೆಗೂ ಅಡ್ಡಿಯಿಲ್ಲ ಎಂದೇ ಪ್ರಕಟಣೆ ಸ್ಪಷ್ಟಪಡಿಸಿತ್ತು. ನನ್ನ ಆಕ್ಷೇಪವಿರುವುದು ಇಲ್ಲೇ. ಅಪಾಯ ಇರುವುದು ದೂರದಿಂದ ಒಳಬರುವ ಪರಿಷ್ಕರಣೆಯಲ್ಲಿ ಎಂದಾದರೆ ಆ ಬಾಗಿಲನ್ನೇ ತೆರೆದಿಟ್ಟು ಅಂಗಳದಲ್ಲಿ ಕಾವಲು ಹಾಕಿದಂತಾಯಿತು. ಸರ್ಕಾರಿ ಕಂಪನಿಯ ಸಿಮ್ ಇಟ್ಟುಕೊಂಡ, ಖಾಸಗಿಯವರಿಗೆ ಲಾಭವಿಲ್ಲದ ಊರುಗಳು ಐದು ವರ್ಷ ಕಾದವು. ದೇಶದ ಭದ್ರತೆಗೆ ಬೆಲೆ ತೆರಬೇಕೆಂದರೆ ತೆರೋಣ, ಅದನ್ನು ಬಡವರ ಸಿಮ್ಮಿಗೆ ಮಾತ್ರ ಹಾಕಬಾರದು. ಅಮೆರಿಕದಲ್ಲೂ ಅಗ್ಗವೆಂದು ಹುವಾವೆ ಕೊಂಡವರು ಹಳ್ಳಿಗಾಡಿನ ಸಣ್ಣ ಕಂಪನಿಗಳೇ. 2020ರಲ್ಲಿ ಅಲ್ಲಿ ಬಂದ ಕಾನೂನು ಕಿತ್ತುಹಾಕಿ ಎಂದಿತು, ಖರ್ಚನ್ನು ನಾವು ಕೊಡುತ್ತೇವೆ ಎಂದೂ ಸೇರಿಸಿತು. ಕೊಟ್ಟ 190 ಕೋಟಿ ಡಾಲರು ಸಾಲದೆ, ವರ್ಷಗಟ್ಟಲೆ ಎಳೆದಾಡಿ, 2024ರ ಡಿಸೆಂಬರಿನಲ್ಲಿ ಇನ್ನೂ 300 ಕೋಟಿಗೂ ಹೆಚ್ಚು ಮಂಜೂರು ಮಾಡಬೇಕಾಯಿತು. ಅಲ್ಲೂ ಎಡವಿದರು, ಆದರೆ ಲೆಕ್ಕ ಬಹಿರಂಗವಾಗಿತ್ತು.

ಬಹಿರಂಗ ಎಂಬ ಮಾತು ಬಂದದ್ದರಿಂದ ಬ್ರಿಟನ್ನಿನ ಉದಾಹರಣೆ. ಅಲ್ಲಿ 2010ರಲ್ಲೇ ಹುವಾವೆ ತಂತ್ರಾಂಶವನ್ನು ಬಿಡಿಸಿ ನೋಡಲು ಬ್ಯಾನ್‌ಬರಿ ಎಂಬ ಊರಿನಲ್ಲಿ ಒಂದು ಕೇಂದ್ರ ತೆರೆದರು. 2015ರಿಂದ ಅದರ ಮೇಲ್ವಿಚಾರಣಾ ಮಂಡಳಿ ವರದಿ ಪ್ರಕಟಿಸುತ್ತಾ ಬಂತು. 2019ರ ವರದಿಯಲ್ಲಿದ್ದದ್ದು ಬೇಹುಗಾರಿಕೆಯ ರೋಚಕ ಕಥೆಯಲ್ಲ. ತಂತ್ರಾಂಶದ ಕಸುಬೇ ಕೆಟ್ಟದಾಗಿದೆ, ತೂತುಗಳಿವೆ, ತಿದ್ದುತ್ತೇವೆಂದು ಹೇಳಿದ್ದನ್ನು ತಿದ್ದಿಲ್ಲ ಎಂಬ ದೂರು. ಗಡಿಗೆ ಬಡಿದಾಗ ಬಂದ ಸದ್ದು ಅದು. 2020ರಲ್ಲಿ ಆ ದೇಶ ಹುವಾವೆಯನ್ನು 2027ರೊಳಗೆ 5ಜಿಯಿಂದ ತೆಗೆಯಲು ತೀರ್ಮಾನಿಸಿತು. ಅದಕ್ಕೆ ಅಮೆರಿಕದ ಒತ್ತಡವೂ ಕಾರಣವಿರಬಹುದು, ಆದರೆ ಅಲ್ಲಿನ ಪ್ರಜೆಗೆ ಓದಲು ಒಂದು ವರದಿ ಇತ್ತು.

ನಮ್ಮಲ್ಲೂ ಅಂಥ ಕೆಲಸಕ್ಕೆ ಮನೆ ಇದೆ. ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಯಾವ ಉಪಕರಣ ಯಾವ ಯಾವ ಪರೀಕ್ಷೆ ದಾಟಬೇಕು ಎಂಬ ನಿಯಮಾವಳಿಗಳನ್ನು ಅದು ಒಂದೊಂದಾಗಿ ರೂಪಿಸಿ ಯಾರು ಬೇಕಾದರೂ ಓದುವಂತೆ ಪ್ರಕಟಿಸುತ್ತಿದೆ. ಒಂದೇ ಸರ್ಕಾರದ ಎರಡು ಕೈಗಳು ಎರಡು ಬಗೆಯಲ್ಲಿ ಕೆಲಸ ಮಾಡುತ್ತಿವೆ: ಪರೀಕ್ಷೆಯ ನಿಯಮ ತೆರೆದಿದೆ, ವಿಶ್ವಾಸದ ಪಟ್ಟಿ ಮುಚ್ಚಿದೆ. ಪಟ್ಟಿಯಲ್ಲಿ ಯಾರಿದ್ದಾರೆ, ಯಾರನ್ನು ಯಾವ ಕಾರಣಕ್ಕೆ ಬಿಟ್ಟರು ಎಂಬುದು ಕಂಪನಿಗಳಿಗೂ ಅಧಿಕಾರಿಗಳಿಗೂ ನಡುವಿನ ಮಾತು. ಶತ್ರುವಿಗೆ ತಿಳಿಯಬಾರದ್ದು ಕೆಲವು ಇರುತ್ತವೆ, ಒಪ್ಪೋಣ. ಆದರೆ ನಾಳೆ ಒಬ್ಬ ದೊಡ್ಡ ವ್ಯಾಪಾರಿ ತನ್ನ ಎದುರಾಳಿಯನ್ನು ಈ ಪಟ್ಟಿಯ ಹಿಂದೆ ನಿಂತು ಹೊರಗಿಟ್ಟರೆ ನಮಗೆ ಗೊತ್ತಾಗುವುದು ಹೇಗೆ?

ನಾನು ಕಲಿತ ಎರಡು ಭಾಷೆಗಳಲ್ಲಿ ಈ ಪದ ಎರಡು ಬಗೆಯಲ್ಲಿದೆ. ಕನ್ನಡದ ವಿಶ್ವಾಸದಲ್ಲಿ ಸ್ನೇಹದ ಬಿಸಿಯಿದೆ, ಮದುವೆ ಕರೆಯೋಲೆಯಲ್ಲೂ ಅದು ಬರುತ್ತದೆ. ಉರ್ದುವಿನ ಏತಬಾರ್ ಅರಬಿಯಿಂದ ಬಂದದ್ದು. ಅರಬಿಯಲ್ಲಿ ಅದರ ಅರ್ಥ ವಿಚಾರ ಮಾಡಿ ನೋಡುವುದು, ಕಂಡದ್ದರಿಂದ ಪಾಠ ತೆಗೆಯುವುದು. ನೋಡಿದ ನಂತರ ಉಳಿಯುವುದು ಏತಬಾರ್. ದಿಲ್ಲಿಯ ನಿರ್ದೇಶನಕ್ಕೆ ಈ ಎರಡನೆಯ ಪದವನ್ನು ಇಟ್ಟಿದ್ದರೆ ಚೆನ್ನಾಗಿತ್ತು.

ಸದ್ಯಕ್ಕೆ ನಮ್ಮ ಸಂಸದರು ಕೇಳಬಹುದಾದ ಪ್ರಶ್ನೆಗಳು ಮೂರು. ದೇಶದ ಜಾಲಗಳಲ್ಲಿ ಹಳೆಯ ಪೆಟ್ಟಿಗೆಗಳು ಎಷ್ಟು ಉಳಿದಿವೆ? ಅವುಗಳ ತಂತ್ರಾಂಶವನ್ನು ಈಗ ತಿದ್ದುತ್ತಿರುವವರು ಯಾರು, ಎಲ್ಲಿಂದ? ಬೆಂಗಳೂರಿನ ಕೇಂದ್ರ ಬಡಿದು ನೋಡಿದ ಗಡಿಗೆಗಳಲ್ಲಿ ಎಷ್ಟು ಒಡಕು ಸಿಕ್ಕಿತು, ವರ್ಷಕ್ಕೊಮ್ಮೆ ವರದಿ ಕೊಡಲು ಏನು ಅಡ್ಡಿ?